ಬಂಡೆ ಸಂದಿಯ ಸೊಲಾಂಜ್

“ಆ ಸಂದಿ ಹೋಗಬೇಕು” ಎಂದು ಪ್ರೆಸ್ಟನ್ ಹೇಳಿದಾಗ ಸೊಲಾಂಜ್ ಬೆರ್ಜವಾಂ ಕಾಫಿ ಲೋಟವನ್ನು ಮೇಜಿನ ಮೇಲೆ ಕುಕ್ಕಿದ ಸದ್ದು ಪಕ್ಕದ ಕೋಣೆಯವರಿಗೂ ಕೇಳಿಸಿತಂತೆ. ಕೇಳಿಸಬೇಕಾದ್ದೇ. ತನ್ನ ಕೈಯಿಂದ ಆದ ಅತ್ಯಂತ ಒಳ್ಳೆಯ ಕೆಲಸವನ್ನು ಇನ್ನೊಬ್ಬ ಬಂದು ತಿಪ್ಪೆಗೆ ಎಸೆ ಅಂದರೆ ಯಾರ ಮೈ ತಾನೇ ಉರಿಯುವುದಿಲ್ಲ? ಅದರಲ್ಲೂ ಸೊಲಾಂಜಳಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು.

ವಿಡಿಯೊ ಗೇಮ್ ಆಡಿದವರೆಲ್ಲ ಇಂಥ ಸಂದಿಯನ್ನು ಕಂಡಿರುತ್ತಾರೆ. ಯಾಕಿದೆ ಎಂದು ಕೇಳಿದವರು ಕಡಿಮೆ. ಅಷ್ಟು ಹೊತ್ತು ಓಡುತ್ತಾ ನೆಗೆಯುತ್ತಾ ಬಂದ ಕಥಾನಾಯಕ ಇದ್ದಕ್ಕಿದ್ದಂತೆ ಎರಡು ಬಂಡೆಗಳ ನಡುವೆ ಹೊಟ್ಟೆ ಒಳಗೆಳೆದುಕೊಂಡು, ಅಡ್ಡಡ್ಡ ಹೆಜ್ಜೆ ಇಡುತ್ತಾ ನುಸುಳುತ್ತಾನೆ. ಆಡುವವರು “ಪಾಪ, ಎಷ್ಟು ಕಷ್ಟ” ಅಂದುಕೊಳ್ಳುತ್ತಾರೆ. ಅಷ್ಟರೊಳಗೆ ಟಿವಿಯ ಕೆಳಗಿರುವ ಕನ್ಸೋಲ್ ಪೆಟ್ಟಿಗೆ ಹಿಂದಿನ ಕಾಡನ್ನು ಅಳಿಸಿ, ಮುಂದಿನ ಊರಿನ ಮನೆ, ಮರ, ನಾಯಿ, ಜನ ಎಲ್ಲವನ್ನೂ ಡಿಸ್ಕ್‌ನಿಂದ ಎಳೆದು ಮೆಮೊರಿಗೆ ತುಂಬಿಕೊಳ್ಳುತ್ತಿರುತ್ತದೆ. ಈ ಸಂದಿ ಇಲ್ಲದಿದ್ದರೆ ಪರದೆ ಕಪ್ಪಾಗಿ “ದಯವಿಟ್ಟು ಕಾಯಿರಿ” ಅಂತ ಬರಬೇಕು. ಅದು ಬರದ ಹಾಗೆ ನೋಡಿಕೊಳ್ಳುವುದೇ ಸೊಲಾಂಜಳ ಕೆಲಸ. ಒಟ್ಟಿನಲ್ಲಿ, ಜನ ಕಾಯುತ್ತಿದ್ದಾರೆಂಬುದು ಜನಕ್ಕೇ ತಿಳಿಯಬಾರದು.

ಈ ವಿದ್ಯೆಯನ್ನು ಅವಳು ಕಲಿತದ್ದು ಕಾಲೇಜಿನಲ್ಲೇನೂ ಅಲ್ಲ. ಕ್ವಿಬೆಕ್ ಸೀಮೆಯ ಶಿಕೂಟಿಮಿ ಎಂಬ ಊರಿನ ಹೆದ್ದಾರಿ ಪಕ್ಕ ಅವಳ ಅಮ್ಮ ಆಲೂಗಡ್ಡೆ ಕರಿದು ಪುಟೀನ್ ಮಾಡಿ ಮಾರುವ ಗೂಡಂಗಡಿ ಇಟ್ಟಿದ್ದಳು. ಮರ ಸಾಗಿಸುವ ಲಾರಿಯವರು ಹಸಿದು ಬಂದು ಕಿಟಕಿ ಮುಂದೆ ನಿಲ್ಲುತ್ತಿದ್ದರು. ಆಲೂಗಡ್ಡೆ ಬೇಯಲು ಹೊತ್ತು ಬೇಕೇ ಬೇಕು. ಅಮ್ಮ ಒಂದು ಸಲವೂ “ಸ್ವಲ್ಪ ಕಾಯಪ್ಪ” ಅನ್ನುತ್ತಿರಲಿಲ್ಲ. “ನಿಮ್ಮತ್ತೆ ಮಂಡಿನೋವು ಹೇಗಿದೆ? ಮೊನ್ನೆ ಅವಳನ್ನ ಚರ್ಚ್ ಹತ್ರ ನೋಡ್ದೆ, ಓಡ್ತಾ ಇದ್ಲಲ್ಲ!” ಅನ್ನುತ್ತಿದ್ದಳು. ಲಾರಿಯವನು ಅತ್ತೆಯ ಕಳ್ಳನೋವಿನ ಕಥೆ ಶುರುಹಚ್ಚಿ ಮುಗಿಸುವಷ್ಟರಲ್ಲಿ ಬಿಸಿ ಆಲೂಗಡ್ಡೆಯ ಮೇಲೆ ಚೀಸು, ಗೊಜ್ಜು ಬಿದ್ದಿರುತ್ತಿತ್ತು. “ಹಸಿದವನಿಗೆ ಕಾಯಿ ಅಂದ್ರೆ ಕಾಯೋದು ಜಾಸ್ತಿ ಆಗುತ್ತೆ ಕಣೇ” ಎಂದು ಅಮ್ಮ ಮಗಳಿಗೆ ಹೇಳುತ್ತಿದ್ದಳು.

ಮಾಂಟ್ರಿಯಲ್‌ಗೆ ಬಂದು, ಹಿಂದೆ ಬಟ್ಟೆ ಹೊಲಿಯುತ್ತಿದ್ದ ಕಾರ್ಖಾನೆಯ ಕಟ್ಟಡದಲ್ಲಿ ಗೇಮ್ ಮಾಡುವ ಕೆಲಸ ಹಿಡಿದ ಮೇಲೆ ಸೊಲಾಂಜ್ ಮಾಡಿದ್ದೂ ಇದನ್ನೇ. ನಿಧಾನವಾಗಿ ಏರುವ ಲಿಫ್ಟು, ಇಬ್ಬರು ಸೇರಿ ಎತ್ತಿದರೂ ಒಂದೇ ಸಲಕ್ಕೆ ಏಳದ ಕಬ್ಬಿಣದ ಬಾಗಿಲು, ದಾರಿಗೆ ಅಡ್ಡ ಬಿದ್ದ ಮರದ ದಿಮ್ಮಿ, ಬಂಡೆ ಸಂದಿ, ಇವೆಲ್ಲ ಅವಳ ಕೈಚಳಕ. ಲಿಫ್ಟಿನಲ್ಲಿ ಇಬ್ಬರು ಕಾವಲುಗಾರರು ಹೆಂಡತಿಯರ ಬಗ್ಗೆ ಜಗಳ ಆಡುವಂತೆ ಮಾಡಿದ್ದಳು. ಆಡುವವರು ನಗುತ್ತಾ ಲಿಫ್ಟು ಯಾಕಿಷ್ಟು ನಿಧಾನ ಎಂಬುದನ್ನೇ ಮರೆತಿದ್ದರು. ಆಮೇಲಾಮೇಲೆ ಆ ಕಚೇರಿಯಲ್ಲಿ ಅವಳ ಹೆಸರೇ ಒಂದು ಮಾತಾಗಿಬಿಟ್ಟಿತು. “ಈ ಸೇತುವೆ ಆದ್ಮೇಲೆ ಒಂದು ಸೊಲಾಂಜ್ ಬೇಕು”, “ಇಲ್ಲಿ ಎರಡು ಸೊಲಾಂಜ್ ಹಾಕಿದ್ರೂ ಸಾಲಲ್ಲ ಮಾರಾಯ” ಎಂದು ಹುಡುಗರು ಮಾತಾಡಿಕೊಳ್ಳುತ್ತಿದ್ದರು. ಬೇರೆ ಸ್ಟುಡಿಯೊಗಳಿಗೆ ಹೋದವರು ಆ ಮಾತನ್ನು ಅಲ್ಲಿಗೂ ಒಯ್ದರು. ಸೊಲಾಂಜ್ ಎಂಬುದು ಒಬ್ಬ ಹೆಂಗಸು ಎಂದು ಗೊತ್ತಿಲ್ಲದವರೂ ಸೊಲಾಂಜ್ ಹಾಕತೊಡಗಿದರು.

ಐವತ್ತು ದಾಟಿದ ಮೇಲೆ ಅವಳ ಪಾಲಿಗೆ ಬಂದ ಗೇಮ್ ‘ಕೊನೆಯ ದೋಣಿ’. ಒಬ್ಬ ತಾಯಿ, ಒಬ್ಬಳು ಮಗಳು; ಆಡುವವರು ನಡೆಸುವುದು ಮಗಳನ್ನು. ನದಿ ಹೆಪ್ಪುಗಟ್ಟುವ ಮೊದಲು ಬೆಟ್ಟ ದಾಟಿ ಬಂದರು ಸೇರಿ, ಆ ಚಳಿಗಾಲದ ಕೊನೆಯ ದೋಣಿ ಹಿಡಿಯಬೇಕು. ಅಪ್ಪ ಅಲ್ಲಿ ಕಾಯುತ್ತಿದ್ದಾನೆ ಎಂದು ಮಗಳು ನಂಬಿದ್ದಾಳೆ. ಬೆಟ್ಟದ ತುದಿಯಿಂದ ಬಂದರಿನ ಊರಿಗೆ ಇಳಿಯುವಲ್ಲಿ ಒಂದು ದೊಡ್ಡ ಸೊಲಾಂಜ್ ಬೇಕಾಗಿತ್ತು. ಅವಳು ಬಂಡೆ ಸೀಳಿ ಸಂದಿ ಮಾಡಿ, ಮಾತು ಬರೆಯುವ ಅನೂಕ್‌ಳ ಹತ್ತಿರ ಹೋದಳು.

“ಇಲ್ಲಿ ಸ್ವಲ್ಪ ಹೊತ್ತು ಏನಾದ್ರೂ ಮಾತಾಡಿಸೇ, ಹವಾಮಾನನೋ ಹಸಿವೋ, ಏನೋ ಒಂದು.”

ಅನೂಕ್ ಆ ಸಂದಿಯನ್ನು ಪರದೆಯ ಮೇಲೆ ಮತ್ತೆ ಮತ್ತೆ ನೋಡಿದಳು. “ಅಮ್ಮ ಮುಂದೆ, ಮಗಳು ಹಿಂದೆ. ಒಬ್ಬರ ಮುಖ ಒಬ್ಬರಿಗೆ ಕಾಣಲ್ಲ ಅಲ್ವಾ?” ಎಂದಳು.

“ಕಾಣಲ್ಲ. ತಿರುಗೋಕೂ ಜಾಗ ಇಲ್ಲ.”

“ಹಾಗಾದ್ರೆ ಹವಾಮಾನ ಬೇಡ” ಎಂದಳು ಅನೂಕ್.

ಮರುದಿನ ಅವಳು ತಂದ ಮಾತು ಓದಿ ಸೊಲಾಂಜ್ ಕನ್ನಡಕ ತೆಗೆದು ಒರೆಸಿಕೊಳ್ಳಬೇಕಾಯಿತು. ಇಡೀ ಗೇಮಿನಲ್ಲಿ ಹೇಳಲಾಗದೇ ಬಂದದ್ದನ್ನು ತಾಯಿ ಅಲ್ಲಿ, ಬಂಡೆಗೆ ಕೆನ್ನೆ ಒತ್ತಿಕೊಂಡು ಹೇಳುತ್ತಾಳೆ: “ನಡೀತಾ ಇರು, ಮಾತಾಡಬೇಡ. ಅಪ್ಪ ದೋಣಿ ಹತ್ರ ಇಲ್ಲ ಮಗಳೇ. ಎಲೆ ಉದುರೋಕೆ ಮುಂಚೆನೇ ತೀರ್ಕೊಂಡ್ರು. ಆ ಮನೇಲಿ ನಿನ್ನ ಮುಖ ನೋಡ್ಕೊಂಡು ಹೇಳೋಕಾಗ್ಲಿಲ್ಲ.” ಅಷ್ಟೇ. ಆಮೇಲೆ ಬಂಡೆಗೆ ಉಜ್ಜುವ ಕೋಟಿನ ಸದ್ದು, ಉಸಿರು. ಮುಂದೆ ಬಂದರಿನಲ್ಲಿ ಕಾದು ನಿಂತ ಜನರ ನಡುವೆ ಮಗಳು, ಆಡುವವರ ಕೈ ಬಿಟ್ಟು ತಾನಾಗಿಯೇ, ಯಾರನ್ನೂ ಹುಡುಕದೆ ನೇರ ದೋಣಿಗೆ ನಡೆಯುತ್ತಾಳೆ. ಆ ನಡಿಗೆಯೇ ಕಥೆಯ ಕೊನೆ.

ಆಗ ಒಪ್ಪಂದ ಬಂತು. ಹೊಸ ಕನ್ಸೋಲ್ ಹೊರತರುತ್ತಿದ್ದ ಕಂಪನಿಯೊಂದು ‘ಕೊನೆಯ ದೋಣಿ’ಗೆ ಖರ್ಚು ಕೊಡುತ್ತೇನೆ, ಆದರೆ ಅದು ನನ್ನ ಪೆಟ್ಟಿಗೆಯಲ್ಲಿ ಮಾತ್ರ ಆಡುವಂತಿರಬೇಕು ಎಂದಿತು. ಎಕ್ಸ್‌ಕ್ಲೂಸಿವ್. ಆ ಮಾತು ಕೇಳಿದರೆ ಸಾಕು, ಗೇಮ್ ಆಡುವ ಹುಡುಗರ ಎದೆ ಉಬ್ಬುತ್ತದೆ. ತಮ್ಮ ಪೆಟ್ಟಿಗೆಯ ಪೂರ್ತಿ ಶಕ್ತಿ ಎಕ್ಸ್‌ಕ್ಲೂಸಿವ್ ಗೇಮಿನಲ್ಲಿ ಮಾತ್ರ ಕಾಣುತ್ತದೆ ಎಂದು ಒಬ್ಬರನ್ನೊಬ್ಬರು ಬೈದಾಡಿಕೊಂಡು ಇಡೀ ಚಳಿಗಾಲ ಕಳೆಯುತ್ತಾರೆ.

ಸೊಲಾಂಜ್ ಕೂಡ ಒಂದು ಕಾಲಕ್ಕೆ ಅದನ್ನೇ ಹೇಳುತ್ತಿದ್ದವಳು. ಮೂವತ್ತರ ವಯಸ್ಸಿನಲ್ಲಿ ಒಂದೇ ಯಂತ್ರದ ಹಿಂದೆ ಬಿದ್ದು, ಡಿಸ್ಕಿನ ಹೊರ ಅಂಚಿನಲ್ಲಿಟ್ಟದ್ದು ಬೇಗ ಸಿಗುತ್ತದೆ, ಒಳಗಿಟ್ಟದ್ದು ತಡ ಎಂದು ಲೆಕ್ಕ ಹಾಕಿ, ಒಂದೊಂದು ಮನೆಯನ್ನೂ ಒಂದೊಂದು ಮರವನ್ನೂ ಜೋಡಿಸಿದವಳು. ಒಂದೇ ಒಲೆಯಲ್ಲಿ ಅಡುಗೆ ಮಾಡಿದವಳಿಗೆ ಯಾವ ಮೂಲೆಯಲ್ಲಿ ಉರಿ ಜಾಸ್ತಿ ಎಂದು ಗೊತ್ತಿರುವ ಹಾಗೆ ಅದು. ನಾಲ್ಕು ಥರದ ಒಲೆಗೆ ಒಂದೇ ಅಡುಗೆ ಮಾಡು ಅಂದರೆ ಎಲ್ಲಕ್ಕಿಂತ ಸಣ್ಣ ಉರಿಗೆ ತಕ್ಕ ಹಾಗೆ ಮಾಡಬೇಕಾಗುತ್ತದೆ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಎಕ್ಸ್‌ಕ್ಲೂಸಿವ್ ಅಂದ ಮಾತ್ರಕ್ಕೆ ಒಲೆ ತಾನಾಗಿ ಉರಿಯುವುದಿಲ್ಲ. ಬರೀ ದುಡ್ಡಿಗಾಗಿ ಒಂದೇ ಪೆಟ್ಟಿಗೆಗೆ ಕಟ್ಟಿಹಾಕಿದ, ಆ ಪೆಟ್ಟಿಗೆಯ ಕಾಲು ಭಾಗವನ್ನೂ ಮುಟ್ಟದ ಸೋಮಾರಿ ಗೇಮುಗಳನ್ನು ಅವಳು ಬೇಕಾದಷ್ಟು ನೋಡಿದ್ದಳು. “ಎಕ್ಸ್‌ಕ್ಲೂಸಿವ್ ಅನ್ನೋದು ವಕೀಲರ ಮಾತು, ಯಂತ್ರಕ್ಕೆ ಅದು ಗೊತ್ತೇ ಇಲ್ಲ” ಎನ್ನುತ್ತಿದ್ದಳು.

ಪ್ರೆಸ್ಟನ್ ಆ ಕಂಪನಿಯ ಕಡೆಯವನು. ಕ್ಯಾಲಿಫೋರ್ನಿಯಾದಿಂದ ತೆಳ್ಳನೆಯ ಕೋಟು ಹಾಕಿಕೊಂಡು ಫೆಬ್ರವರಿಯ ಮಾಂಟ್ರಿಯಲ್‌ಗೆ ಬಂದಿದ್ದ. ಕೆಟ್ಟವನೇನಲ್ಲ, ಸೌಜನ್ಯದವನೇ. ಆದರೆ ತಾನು ನಂಬಿದ್ದನ್ನು ಬಿಟ್ಟು ಬೇರೇನೂ ಅವನ ಕಣ್ಣಿಗೆ ಬೀಳುತ್ತಿರಲಿಲ್ಲ.

“ಮೇಡಂ, ನಮ್ಮ ಹೊಸ ಡಿಸ್ಕ್ ಕಣ್ಣು ಮಿಟುಕಿಸೋದ್ರೊಳಗೆ ಇಡೀ ಊರನ್ನ ಲೋಡ್ ಮಾಡುತ್ತೆ. ಇನ್ನೂ ಈ ಹಳೇ ಕಾಲದ ಸಂದಿ ಯಾಕೆ? ಇದು ನಮ್ಮ ಯಂತ್ರಕ್ಕೆ ಅವಮಾನ.”

“ಅಲ್ಲಿ ಏನೂ ಲೋಡ್ ಆಗ್ತಾ ಇಲ್ಲ” ಎಂದಳು ಸೊಲಾಂಜ್.

“ಅಂದ್ರೆ?”

“ನಿನ್ನ ಡಿಸ್ಕ್ ಎಷ್ಟು ಜೋರಾಗಿದೆ ಅಂತ ನಂಗೊತ್ತು, ಪರೀಕ್ಷೆ ಮಾಡಿದ್ದೇ ನಾನು. ಲೋಡ್ ಕೆಲಸ ಅಲ್ಲಿಂದ ತೆಗೆದು ಎಷ್ಟೋ ದಿನ ಆಯ್ತು. ಅವರು ಬೆಟ್ಟದ ಮೇಲೆ ನಿಂತಾಗ್ಲೇ ಊರು ಪೂರ್ತಿ ಬಂದು ಕೂತಿರುತ್ತೆ. ಬೇಕಾದ್ರೆ ನೋಡ್ಕೋ.”

ಸೊಲಾಂಜ್ ಎಲ್ಲರನ್ನೂ ನೀನು ಎನ್ನುವವಳು; ಕ್ವಿಬೆಕ್‌ನಲ್ಲಿ ಅದು ರೂಢಿ. ಫ್ರಾನ್ಸಿನಿಂದ ಬಂದ, ಗೇಮಿನ ನಿರ್ದೇಶಕ ತಿಯೆರಿಗೆ ಮಾತ್ರ ಅದಿನ್ನೂ ಮೈಗೂಡಿರಲಿಲ್ಲ, ಅವನು ಇಂದಿಗೂ ಅವಳಿಗೆ ನೀವು ಎನ್ನುತ್ತಿದ್ದ. ಅವನೀಗ ತಲೆ ತಗ್ಗಿಸಿ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದ.

ಪ್ರೆಸ್ಟನ್ ಪರದೆಯನ್ನು ನೋಡಿದ, ಅಂಕಿಗಳನ್ನು ನೋಡಿದ, ತಲೆ ಕೆರೆದುಕೊಂಡ. “ಲೋಡ್ ಆಗ್ತಿಲ್ಲ ಅಂದ್ಮೇಲೆ ಸಂದಿ ಯಾಕಿದೆ?”

“ಅವರು ಮಾತಾಡ್ತಿದ್ದಾರೆ!”

“ಮಾತು ಬೇರೆ ಕಡೆ ಆಡಿಸಿ. ಸಂದಿ ಕಂಡ ತಕ್ಷಣ ಜನ ಲೋಡಿಂಗ್ ಅಂದ್ಕೋತಾರೆ. ಲೋಡಿಂಗ್ ಅಂದ್ಕೊಂಡ್ರೆ ನಮ್ಮ ಯಂತ್ರ ನಿಧಾನ ಅಂದ್ಕೋತಾರೆ. ಜಾಹೀರಾತಿನಲ್ಲಿ ನಾವು ‘ಒಂದು ಸಂದಿಯೂ ಇಲ್ಲ, ನಮ್ಮಲ್ಲಿ ಮಾತ್ರ’ ಅಂತ ಹಾಕ್ತಿದ್ದೀವಿ. ಆ ಸಂದಿ ಹೋಗಬೇಕು.”

ಆಗಲೇ ಲೋಟ ಮೇಜಿಗೆ ಬಡಿದದ್ದು. ಆಮೇಲೆ ಸೊಲಾಂಜ್ ತನ್ನ ಸೀಮೆಯವರು ಬೈಯುವ ಹಾಗೆ ಫ್ರೆಂಚಿನಲ್ಲಿ ಬೈದಳು. ಅಲ್ಲಿಯ ಬೈಗುಳವೆಲ್ಲ ಚರ್ಚಿನ ಸಾಮಾನಿನ ಹೆಸರುಗಳೇ. ಪೂಜೆಯ ಬಟ್ಟಲು, ಪ್ರಸಾದದ ಪೆಟ್ಟಿಗೆ, ಪಾದ್ರಿಯ ನಿಲುವಂಗಿ, ಚರ್ಚಿನಲ್ಲಿರುವ ಒಂದನ್ನೂ ಬಿಡದೆ ಒಂದೇ ಉಸಿರಿನಲ್ಲಿ ಎಳೆದು ತಂದಳು. ಪ್ರೆಸ್ಟನ್‌ಗೆ ಫ್ರೆಂಚ್ ಬರುತ್ತಿರಲಿಲ್ಲ. ಬಂದಿದ್ದರೆ ಮಧ್ಯಾಹ್ನದ ವಿಮಾನಕ್ಕೇ ಹೋಗುತ್ತಿದ್ದ.

“ಯಂತ್ರ ಜೋರಾಗಿ ಓಡುತ್ತೆ ಅಂತ ಆ ತಾಯಿನೂ ಓಡ್ಬೇಕಾ?” ಎಂದಳು ಕೊನೆಗೆ, ಇಂಗ್ಲಿಷಿಗೆ ಮರಳಿ. “ನನ್ನ ಇಷ್ಟು ವರ್ಷದ ಕೆಲಸದಲ್ಲಿ ಸಂದಿಗಳೆಲ್ಲ ಸುಳ್ಳು. ಯಂತ್ರದ ಬಡತನ ಮುಚ್ಚೋಕೆ ಹಾಕಿದ ಪರದೆ ಅವು. ಇದೊಂದೇ ನಿಜವಾದದ್ದು. ನಿಮ್ಮ ಯಂತ್ರ ಶ್ರೀಮಂತ ಆಗಿದ್ದಕ್ಕೆ ಇದು ನಿಜ ಆಯ್ತು. ಯಂತ್ರನ ಚೆನ್ನಾಗಿ ಬಳಸೋದು ಅಂದ್ರೆ ಇದಪ್ಪ! ಬೇಕಾದವರು ಬೇಕಾದ ಕಡೆ ಬೇಕಾದಷ್ಟು ಹೊತ್ತು ನಿಲ್ಲೋ ಹಾಗೆ ಆಗೋದು!”

ಹೇಳಿ ಏನು ಬಂತು? ಬೋರ್ಗಲ್ಲ ಮೇಲೆ ನೀರು ಹೊಯ್ದ ಹಾಗಾಯಿತು. ಪ್ರೆಸ್ಟನ್ ಹೋದ ಮೇಲೆ ತಿಯೆರಿ ಬಂದು ಅವಳ ಮೇಜಿನ ಪಕ್ಕ ನಿಂತ.

“ಸೊಲಾಂಜ್, ನೀವು ಹೇಳಿದ್ದು ಸರಿ. ಆದ್ರೆ ಒಪ್ಪಂದ ಮುರಿದ್ರೆ ಇಷ್ಟೂ ಜನ ಮನೆಗೆ ಹೋಗ್ತಾರೆ. ತೆಗೆದುಬಿಡಿ.”

“ನೀನೇ ತೆಗಿ. ನಾನು ಕೆಲಸ ಬಿಡ್ತೀನಿ.”

“ಈಗ ಬಿಟ್ರೆ ನಿಮ್ಮ ಹೆಸರೂ ಬರಲ್ಲ. ಗೊತ್ತಲ್ಲ.”

ಗೊತ್ತಿತ್ತು. ಈ ದರಿದ್ರ ಪದ್ಧತಿ ಈ ಕಸುಬಿನಲ್ಲಿ ಇವತ್ತಿಗೂ ಇದೆ. ಗೇಮ್ ಹೊರಬರುವ ಮುನ್ನ ಬಿಟ್ಟುಹೋದವರ ಹೆಸರನ್ನು ಗೇಮಿನ ಕೊನೆಯಲ್ಲಿ ಬರುವ ಪಟ್ಟಿಯಿಂದ ಅಳಿಸುತ್ತಾರೆ, ವರ್ಷಗಟ್ಟಲೆ ದುಡಿದಿದ್ದರೂ ಅಷ್ಟೇ. ಕೂಲಿ ಕೊಟ್ಟಿಲ್ಲವೇ, ಇನ್ನೇನು ಎಂಬ ಧೋರಣೆ. ಸೊಲಾಂಜ್ ಹಲ್ಲು ಕಚ್ಚಿಕೊಂಡು ತನ್ನ ಕೈಯಾರೆ ಆ ಬಂಡೆಗಳನ್ನು ಸರಿಸಿ ಅಗಲ ದಾರಿ ಮಾಡಿದಳು. ತಾಯಿಯ ಮಾತನ್ನು ಆ ದಾರಿಯ ಮೇಲೇ ಇಟ್ಟರು. ನಡಿಗೆಯನ್ನಾದರೂ ಸ್ವಲ್ಪ ನಿಧಾನ ಮಾಡೋಣ ಎಂದು ಅನೂಕ್ ಅಂಗಲಾಚಿದಳು. ನಿಧಾನವಾದರೂ ಲೋಡಿಂಗ್ ಥರ ಕಾಣುತ್ತದೆ ಎಂದು ಅದಕ್ಕೂ ಕಲ್ಲು ಬಿತ್ತು.

ಗೇಮನ್ನು ಹೊರಗಿನವರಿಂದ ಆಡಿಸಿ ನೋಡಿದ ದಿನ ಸೊಲಾಂಜ್ ಗಾಜಿನ ಹಿಂದೆ ನಿಂತಿದ್ದಳು. ಬೆಟ್ಟದ ತುದಿಯಿಂದ ಕೆಳಗೆ ಊರಿನ ದೀಪಗಳು ಕಂಡವು. ಆಡುತ್ತಿದ್ದವರು ಮಗಳನ್ನು ಓಡಿಸಿಕೊಂಡು ಇಳಿದರು. ಅಗಲ ದಾರಿ ಸಿಕ್ಕರೆ ಯಾರು ತಾನೇ ಓಡುವುದಿಲ್ಲ? ತಾಯಿ ಎಲ್ಲೋ ಹಿಂದೆ ಉಳಿದಳು. “ಅಪ್ಪ ದೋಣಿ ಹತ್ರ” ಎಂಬಷ್ಟು ಕೇಳಿಸಿತು, ಮಿಕ್ಕಿದ್ದನ್ನು ಗಾಳಿ ಸದ್ದು ನುಂಗಿತು. ಒಬ್ಬೊಬ್ಬರಾಗಿ ಎಲ್ಲರೂ ಹಾಗೇ ಮಾಡಿದರು. ಕ್ಯಾಲಿಫೋರ್ನಿಯಾದಿಂದ ಅಂಕಿಅಂಶ ನೋಡಿದ ಪ್ರೆಸ್ಟನ್ “ಅದ್ಭುತ, ಯಾರೂ ಎಲ್ಲೂ ನಿಲ್ಲುತ್ತಿಲ್ಲ” ಎಂದು ಸಂದೇಶ ಕಳಿಸಿದ.

‘ಕೊನೆಯ ದೋಣಿ’ ಹೊರಬಂತು. ವಿಮರ್ಶೆ ಬರೆಯುವವರೆಲ್ಲ ಹಾಡಿ ಹೊಗಳಿದರು: ಇಂಥ ಗೇಮ್ ಈ ಯಂತ್ರದಲ್ಲಿ ಮಾತ್ರ ಸಾಧ್ಯ, ಯಂತ್ರದ ಕೊನೆಯ ಹನಿ ಶಕ್ತಿಯನ್ನೂ ಹಿಂಡಿದ್ದಾರೆ, ಎಕ್ಸ್‌ಕ್ಲೂಸಿವ್ ಅಂದರೆ ಹೀಗಿರಬೇಕು. ಕಥೆ ಕೊನೆಯಲ್ಲಿ ಯಾಕೋ ಸಪ್ಪೆ ಎಂದೂ ಒಂದು ಸಾಲು ಸೇರಿಸಿದರು. ಅದಕ್ಕಿಂತ ಹೊಟ್ಟೆ ಉರಿಸಿದ್ದು ಆಡಿದವರು ಕಳಿಸಿದ ದೂರುಗಳು. “ಬಂದರಿನಲ್ಲಿ ಮಗಳು ಅಪ್ಪನನ್ನು ಹುಡುಕುವುದಿಲ್ಲ. ಪ್ರೋಗ್ರಾಮ್ ತಪ್ಪಾಗಿದೆ, ಸರಿಪಡಿಸಿ.” ಒಂದಲ್ಲ, ಎರಡಲ್ಲ, ಹಿಂಡು ಹಿಂಡಾಗಿ ಬಂದವು. ಆ ಮಗುವಿನ ದುಃಖವನ್ನು ಯಂತ್ರದ ದೋಷ ಎಂದು ಬರೆದಿದ್ದರು! ಅನೂಕ್ ಅವುಗಳಲ್ಲಿ ಒಂದನ್ನು ಓದಿ ಕೋಟು ಹಾಕಿಕೊಂಡು ಮನೆಗೆ ಹೋದಳು.

ಕೆಲಕಾಲದ ನಂತರ ಒಪ್ಪಂದದ ಅವಧಿ ತೀರಿತು. ಈಗ ಬೇರೆ ಪೆಟ್ಟಿಗೆಗಳಿಗೂ ಗೇಮನ್ನು ಮಾರಬಹುದು. ಜನರ ಮನೆಗಳಲ್ಲಿ ಇನ್ನೂ ಲಕ್ಷಗಟ್ಟಲೆ ಇದ್ದ ಒಂದು ಹಳೆಯ, ಬಡಕಲು ಕನ್ಸೋಲಿಗೆ ಅದನ್ನು ಇಳಿಸುವ ಕೆಲಸ ಶುರುವಾಯಿತು. ಬೆಟ್ಟದಿಂದ ಊರಿಗೆ ಇಳಿಯುವ ದಾರಿಯಲ್ಲಿ ಆ ಯಂತ್ರ ಏದುಸಿರು ಬಿಟ್ಟು ನಿಂತೇಬಿಟ್ಟಿತು. ತಿಯೆರಿ ಸಪ್ಪೆ ಮುಖ ಮಾಡಿಕೊಂಡು ಬಂದ.

“ಸೊಲಾಂಜ್, ಅಲ್ಲೊಂದು ಸೊಲಾಂಜ್ ಬೇಕಲ್ಲ.”

ಅವಳು ಅವನನ್ನು ಎಷ್ಟು ಹೊತ್ತು ದುರುಗುಟ್ಟಿ ನೋಡಿದಳೆಂದರೆ, ಅವನು “ದಯವಿಟ್ಟು” ಎಂದು ಸೇರಿಸಬೇಕಾಯಿತು. ಆಮೇಲೆ ಅವಳು ಬಂಡೆಗಳನ್ನು ವಾಪಸು ತಂದು ನಿಲ್ಲಿಸಿದಳು. ತಾಯಿಯನ್ನು ಮುಂದೆ, ಮಗಳನ್ನು ಹಿಂದೆ ಇಟ್ಟಳು. ಕೋಟು ಬಂಡೆಗೆ ಉಜ್ಜುವ ಸದ್ದನ್ನು ಹುಡುಕಿ ತೆಗೆದಳು.

ಹಳೆಯ ಪೆಟ್ಟಿಗೆಯವರಿಗೆ ಸಿಕ್ಕ ಊರಿನಲ್ಲಿ ದೀಪ ಕಡಿಮೆ, ಹಿಮ ಒರಟು, ದೂರದ ಮರಗಳು ಮಸುಕು. ಆದರೆ ಬಂದರಿನ ಮಗಳ ಬಗ್ಗೆ ಅವರಿಂದ ಒಂದು ದೂರೂ ಬರಲಿಲ್ಲ. ಅವರು ಬರೆದದ್ದೆಲ್ಲ ಬಂಡೆಗಳ ನಡುವೆ ತಾಯಿ ಆಡುವ ಮಾತಿನ ಬಗ್ಗೆ. ಸಂದಿಯ ಮಾತು ಬಾಯಿಂದ ಬಾಯಿಗೆ ಹಬ್ಬಿತು. ದುಬಾರಿ ಪೆಟ್ಟಿಗೆಯವರು ಕೆಂಡವಾದರು: ಗುಜರಿ ಪೆಟ್ಟಿಗೆಯವರಿಗೆ ಇರುವ ದೃಶ್ಯ ನಮಗೇಕಿಲ್ಲ? ಕೂಡಲೇ ಪ್ರೆಸ್ಟನ್‌ನ ಫೋನು ಬಂತು. ಸಂದಿಯನ್ನು ಹೊಸ ಯಂತ್ರಕ್ಕೂ ಹಾಕಿಕೊಡಿ, ‘ವಿಶೇಷ ದೃಶ್ಯ’ ಎಂದು ಹೆಸರಿಟ್ಟು ಪ್ರತ್ಯೇಕ ಬೆಲೆಗೆ ಮಾರೋಣ.

“ಮೊದಲು ಅವಮಾನ ಅಂದೆ, ಈಗ ವಿಶೇಷನಾ? ನಾಚಿಕೆ ಆಗಲ್ವಾ ನಿಂಗೆ?” ಎಂದು ಸೊಲಾಂಜ್ ಫೋನಿನೊಳಗೇ ಕೂಗಿದಳು. ಈ ಸಲ ಇಂಗ್ಲಿಷಿನಲ್ಲೇ ಕೂಗಿದಳು, ಅರ್ಥವಾಗಲಿ ಎಂದು.

ಆ ಸಿಟ್ಟನ್ನು ಹೊತ್ತುಕೊಂಡೇ ಅವಳು ವಾರದ ಕೊನೆಗೆ ಶಿಕೂಟಿಮಿಗೆ ಹೋದಳು. ಅವಳ ಅಕ್ಕ ಜಿಸ್ಲೆನ್‌ಗೆ ಗೇಮುಗಳ ಬಗ್ಗೆ ಏನೂ ಗೊತ್ತಿಲ್ಲ. ತಂಗಿ ಮಾಡಿದ್ದು ಎಂಬ ಒಂದೇ ಕಾರಣಕ್ಕೆ ಯಾರಿಂದಲೋ ಹಳೆಯ ಕನ್ಸೋಲ್ ಕೊಂಡು, ಹಠ ಹಿಡಿದು ಅಷ್ಟು ದೂರ ಆಡಿಕೊಂಡು ಬಂದಿದ್ದಳು. ಭಾನುವಾರ ಮಧ್ಯಾಹ್ನ ಊಟದ ತಟ್ಟೆಗಳನ್ನು ಹಾಗೇ ಬಿಟ್ಟು ಟಿವಿ ಮುಂದೆ ಕೂತಳು. ಸೊಲಾಂಜ್ ಪಕ್ಕದಲ್ಲಿ ಕೂತು ಪ್ರೆಸ್ಟನ್‌ನನ್ನೂ ತಿಯೆರಿಯನ್ನೂ ಜಾಡಿಸುತ್ತಲೇ ಇದ್ದಳು. ಅಕ್ಕ ಹೂಂಗುಟ್ಟುತ್ತಾ ಬೆಟ್ಟ ಹತ್ತಿ, ಸಂದಿಯೊಳಗೆ ಹೊಕ್ಕಳು.

ತಾಯಿ ಮಾತಾಡಿದಳು. ಜಿಸ್ಲೆನ್‌ಳ ಹೆಬ್ಬೆರಳು ಗುಂಡಿಯಿಂದ ಮೇಲೆದ್ದಿತು. ಪರದೆಯ ಮೇಲೆ ಇಬ್ಬರೂ ಬಂಡೆಗಳ ನಡುವೆ ನಿಂತುಬಿಟ್ಟರು. ಉಸಿರಿನ ಸದ್ದು ಮಾತ್ರ ಕೇಳುತ್ತಿತ್ತು. ಸಂದಿಯ ಆ ತುದಿಯ ಬೆಳಕು ಸ್ವಲ್ಪ ಬದಲಾಯಿತು. ಊರು ಬಂದು ಕೂತಿದೆ ಎಂದು ಸೊಲಾಂಜ್‌ಗೆ ಅದರಿಂದಲೇ ಗೊತ್ತಾಯಿತು.

“ಹೋಗೇ ಮುಂದೆ, ಆಯ್ತು” ಎಂದಳು.

“ಏನಾಯ್ತು?”

“ಲೋಡ್ ಆಯ್ತು.”

“ಯಾವ ಲೋಡೇ? ಸುಮ್ನಿರು” ಎಂದಳು ಜಿಸ್ಲೆನ್, ಪರದೆಯಿಂದ ಕಣ್ಣು ತೆಗೆಯದೆ. “ಆ ಮಗು ಇನ್ನೂ ಏನೂ ಹೇಳಿಲ್ಲ.”

ಆ ಮಗುವಿಗೆ ಅನೂಕ್ ಯಾವ ಉತ್ತರವನ್ನೂ ಬರೆದಿರಲಿಲ್ಲ. ಅದನ್ನು ಅಕ್ಕನಿಗೆ ಹೇಳಲಾರದೆ, ಸೊಲಾಂಜ್ ಕೂಡ ಕಾದು ಕೂತಳು.